ತುಂಡಾದ ತಂತಿ, ನಿಲ್ಲದ ಜಾಲ: ರ್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ತುಕ್ಕಾನಟ್ಟಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ತುಕ್ಕಾನಟ್ಟಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು ಬಹುಮಟ್ಟಿಗೆ ಇಲ್ಲಿನ ಕೃಷಿ ವಿಜ್ಞಾನ ಕೇಂದ್ರದಿಂದ. ಕಬ್ಬು, ಗೋವಿನಜೋಳ, ಕಾಲುವೆಯ ನೀರಿನ ಸರದಿ, ಇವೇ ನಮ್ಮ ದಿನನಿತ್ಯದ ಮಾತು. ಇಂಥಲ್ಲಿ ನಿಂತು ಕಂಪ್ಯೂಟರ್ ಜಾಲದ ಒಳಗಿನ ವ್ಯವಹಾರ ಹೇಳಹೊರಟರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಒಮ್ಮೆ ಯೋಚಿಸಿ. ನೀವು ದುಡ್ಡು ತೆಗೆಯುವ ಬ್ಯಾಂಕು, ರಕ್ತಪರೀಕ್ಷೆಯ ವರದಿ ಕೊಡುವ ಆಸ್ಪತ್ರೆ, ನೀವು ಕುಳಿತು ಉತ್ತರ ಬರೆಯುವ ಆನ್‌ಲೈನ್ ಪರೀಕ್ಷಾ ಕೇಂದ್ರ, ಇವೆಲ್ಲ ಇಂದು ಜಾಲದ ಮೇಲೆ ನಿಂತಿವೆ. ಪರೀಕ್ಷೆಯ ನಡುವೆ ಐವತ್ತು ಸೆಕೆಂಡು ಪರದೆ ಸ್ತಬ್ಧವಾದರೆ ವಿದ್ಯಾರ್ಥಿಯ ಎದೆಬಡಿತ ಏನಾಗುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಆ ಐವತ್ತು ಸೆಕೆಂಡನ್ನು ಒಂದು ಸೆಕೆಂಡಿಗಿಂತ ಕಡಿಮೆ ಮಾಡಿದ ಒಂದು ಉಪಾಯವಿದೆ. ಅದರ ಹೆಸರು ರ್ಯಾಪಿಡ್ ಸ್ಪ್ಯಾನಿಂಗ್ ಟ್ರೀ. ಹೆಸರು ದೊಡ್ಡದು, ವಿಚಾರ ಸರಳ. ಅದನ್ನೇ ಇಂದು ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ.

ಎರಡನೆಯ ದಾರಿಯ ಲಾಭ, ಎರಡನೆಯ ದಾರಿಯ ಅಪಾಯ

ನಿಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸಾಲಾಗಿ ತಂತಿ ಚುಚ್ಚಿರುವ ಒಂದು ಪೆಟ್ಟಿಗೆಯನ್ನು ನೋಡಿರುತ್ತೀರಿ. ಅದೇ ಸ್ವಿಚ್. ಒಂದು ಕಂಪ್ಯೂಟರ್ ಕಳಿಸಿದ ಮಾಹಿತಿಯ ಕಟ್ಟನ್ನು ಸರಿಯಾದ ಇನ್ನೊಂದು ಕಂಪ್ಯೂಟರಿಗೆ ಮುಟ್ಟಿಸುವುದು ಅದರ ಕೆಲಸ. ಈ ಕಟ್ಟಿಗೆ ಫ್ರೇಮ್ ಎನ್ನುತ್ತಾರೆ. ದೊಡ್ಡ ಕಟ್ಟಡವಾದರೆ ಒಂದು ಸ್ವಿಚ್ ಸಾಲದು. ಹತ್ತಾರು ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸಬೇಕಾಗುತ್ತದೆ.

ಎರಡು ಸ್ವಿಚ್‌ಗಳ ನಡುವೆ ಒಂದೇ ತಂತಿ ಇದ್ದು ಅದನ್ನು ಇಲಿ ಕಡಿದರೆ ಕೆಲಸ ನಿಂತಿತು. ಆದ್ದರಿಂದ ತಿಳಿದವರು ಎರಡನೆಯ ದಾರಿಯನ್ನೂ ಇಟ್ಟಿರುತ್ತಾರೆ. ಇದು ಜಾಣತನ. ಆದರೆ ಈ ಎರಡನೆಯ ದಾರಿಯೇ ಜಾಲವನ್ನು ಮುಳುಗಿಸಬಲ್ಲದು.

ಹೇಗೆಂದು ಕೇಳಿ. ಊರಿನಲ್ಲಿ ಡಂಗುರ ಸಾರುವವನನ್ನು ನೆನೆಸಿಕೊಳ್ಳಿ. ಅವನಿಗೆ ಒಂದು ವಿಚಿತ್ರ ಗುಣವಿದೆ ಎಂದುಕೊಳ್ಳೋಣ. ಓಣಿಗಳು ಕೂಡುವ ಪ್ರತಿ ಜಾಗದಲ್ಲೂ ಅವನು ಎಷ್ಟು ಓಣಿಗಳಿವೆಯೋ ಅಷ್ಟು ಜನನಾಗಿ ಒಡೆದು, ಒಂದೊಂದು ಓಣಿಗೆ ಒಬ್ಬೊಬ್ಬನಾಗಿ ಹೋಗುತ್ತಾನೆ. ಓಣಿಗಳು ಮರದ ಕೊಂಬೆಗಳ ಹಾಗೆ ಕವಲೊಡೆದು ಕೊನೆಯಲ್ಲಿ ಮುಗಿಯುವುದಾದರೆ ತೊಂದರೆಯಿಲ್ಲ. ಎಲ್ಲರೂ ಕೊನೆ ಮುಟ್ಟಿ ಸುಮ್ಮನಾಗುತ್ತಾರೆ. ಓಣಿಗಳು ಸುತ್ತು ಹಾಕಿ ಒಂದನ್ನೊಂದು ಕೂಡಿದರೆ? ಹೋದವರು ತಿರುಗಿ ಬಂದು ಮತ್ತೆ ಒಡೆಯುತ್ತಾರೆ. ಸ್ವಲ್ಪ ಹೊತ್ತಿಗೆ ಊರ ತುಂಬ ಡಂಗುರದವರೇ, ಬೇರೆಯವರಿಗೆ ಕಾಲಿಡಲೂ ಜಾಗವಿಲ್ಲ.

ಸ್ವಿಚ್‌ಗಳಲ್ಲಿ ನಡೆಯುವುದೂ ಇದೇ. "ಈ ವಿಳಾಸ ಯಾರದು?" ಎಂದು ಒಂದು ಕಂಪ್ಯೂಟರ್ ಎಲ್ಲರನ್ನೂ ಕೇಳುವ ಫ್ರೇಮನ್ನು ಸ್ವಿಚ್ ತನ್ನ ಉಳಿದೆಲ್ಲ ಬಾಗಿಲುಗಳಿಂದ ಹೊರಗೆ ಕಳಿಸುತ್ತದೆ. ಸ್ವಿಚ್‌ನ ಈ ಬಾಗಿಲಿಗೆ ಪೋರ್ಟ್ ಎಂದು ಹೆಸರು. ಇಂಟರ್ನೆಟ್ಟಿನ ಪ್ಯಾಕೆಟ್ಟಿಗೆ ಆಯುಷ್ಯದ ಲೆಕ್ಕವಿದೆ. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗಿ ಕೊನೆಗೆ ಅದು ಸಾಯುತ್ತದೆ. ಸ್ವಿಚ್ ದಾಟುವ ಈಥರ್‌ನೆಟ್ ಫ್ರೇಮಿಗೆ ಅಂಥ ಲೆಕ್ಕವಿಲ್ಲ. ಸುತ್ತು ದಾರಿ ಸಿಕ್ಕರೆ ಅದು ತಿರುಗುತ್ತಲೇ ಇರುತ್ತದೆ. ಒಂದು ಗಿಗಾಬಿಟ್ ವೇಗದ ತಂತಿಯಲ್ಲಿ ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರ ಚಿಕ್ಕ ಫ್ರೇಮುಗಳು ಹರಿಯಬಲ್ಲವು. ಆ ಇಡೀ ಜಾಗವನ್ನು ಈ ನಕಲುಗಳೇ ತುಂಬಿಕೊಂಡರೆ ನಿಮ್ಮ ಉತ್ತರಪತ್ರಿಕೆಗೆ ದಾರಿ ಎಲ್ಲಿ? ಇದಕ್ಕೆ ಬ್ರಾಡ್‌ಕಾಸ್ಟ್ ಸ್ಟಾರ್ಮ್, ಅಂದರೆ ನಕಲುಗಳ ಬಿರುಗಾಳಿ ಎನ್ನುತ್ತಾರೆ.

ಒಬ್ಬ ಮಹಿಳೆ ಕೊಟ್ಟ ಪರಿಹಾರ

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಎಂಬ ಕಂಪನಿಯಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ ಇದ್ದರು. ಈ ತೊಡಕಿಗೆ ಅವರು ಕಂಡುಹಿಡಿದ ಪರಿಹಾರ 1985ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಪ್ರಬಂಧದ ಜೊತೆಗೆ ತಮ್ಮ ವಿಧಾನವನ್ನೇ ಕುರಿತು ಅವರು ಒಂದು ಪುಟ್ಟ ಕವಿತೆಯನ್ನೂ ಬರೆದಿದ್ದರು. 1990ರಲ್ಲಿ ಐಇಇಇ ಸಂಸ್ಥೆ ಈ ವಿಧಾನವನ್ನು 802.1ಡಿ ಎಂಬ ಮಾನಕದಲ್ಲಿ ಸೇರಿಸಿತು. ಸಭೆಯಲ್ಲಿರುವ ಹೆಣ್ಣುಮಕ್ಕಳು ಈ ಹೆಸರನ್ನು ವಿಶೇಷವಾಗಿ ನೆನಪಿಟ್ಟುಕೊಳ್ಳಬೇಕು. ಜಗತ್ತಿನ ಲೆಕ್ಕವಿಲ್ಲದಷ್ಟು ಕಟ್ಟಡಗಳ ಜಾಲ ಕುಸಿಯದೆ ನಿಂತಿರುವುದರ ಹಿಂದೆ ಆಕೆಯ ಬುದ್ಧಿ ಇದೆ.

ವಿಧಾನ ಹೀಗಿದೆ. ಸ್ವಿಚ್‌ಗಳು ತಮ್ಮೊಳಗೆ ಚಿಕ್ಕ ಸಂದೇಶಗಳನ್ನು ಹಂಚಿಕೊಂಡು ಒಬ್ಬ ಹಿರಿಯನನ್ನು ಆರಿಸಿಕೊಳ್ಳುತ್ತವೆ. ಅದು ರೂಟ್, ಮರದ ಬೇರು. ಉಳಿದ ಪ್ರತಿ ಸ್ವಿಚ್ ಆ ಬೇರಿಗೆ ಅತಿ ಕಡಿಮೆ ಖರ್ಚಿನ ದಾರಿ ಯಾವುದೆಂದು ಲೆಕ್ಕ ಹಾಕುತ್ತದೆ. ಮರಕ್ಕೆ ಬೇಕಾದ ದಾರಿಗಳಷ್ಟೇ ತೆರೆದಿರುತ್ತವೆ, ಹೆಚ್ಚಿನವು ಮುಚ್ಚಿಕೊಳ್ಳುತ್ತವೆ. ತಂತಿ ಅಲ್ಲೇ ಇರುತ್ತದೆ, ಆದರೆ ಒಂದು ತುದಿಯ ಪೋರ್ಟ್ ಫ್ರೇಮುಗಳನ್ನು ಬಿಡುವುದಿಲ್ಲ.

ನಮ್ಮ ಊರುಗಳ ಹೆಸರಿಟ್ಟು ಒಂದು ಚಿತ್ರ ಬರೆದುಕೊಳ್ಳೋಣ. ಮೂರು ಸ್ವಿಚ್‌ಗಳಿವೆ: ಗೋಕಾಕ, ಮೂಡಲಗಿ, ಹುಕ್ಕೇರಿ. ಮೂರಕ್ಕೂ ಪರಸ್ಪರ ತಂತಿ ಇದೆ, ಒಟ್ಟು ಮೂರು ತಂತಿ, ಒಂದು ತ್ರಿಕೋನ. ಗೋಕಾಕವೇ ಬೇರು. ಮೂಡಲಗಿಯೂ ಹುಕ್ಕೇರಿಯೂ ನೇರವಾಗಿ ಗೋಕಾಕಕ್ಕೆ ಮಾತಾಡುತ್ತವೆ. ಮೂಡಲಗಿ ಹುಕ್ಕೇರಿಗಳ ನಡುವಿನ ತಂತಿಯನ್ನು ಹುಕ್ಕೇರಿಯ ತುದಿಯಲ್ಲಿ ಮುಚ್ಚಲಾಗಿದೆ. ಮೂರು ಊರಿಗೆ ಎರಡು ದಾರಿ ಸಾಕು, ಸುತ್ತು ಇಲ್ಲ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂವತ್ತು ಸೆಕೆಂಡು, ಐವತ್ತು ಸೆಕೆಂಡು

ಈಗ ಗೋಕಾಕ ಹುಕ್ಕೇರಿಗಳ ನಡುವಿನ ತಂತಿ ತುಂಡಾಯಿತು ಎನ್ನಿ. ಹುಕ್ಕೇರಿ ತನ್ನ ಮುಚ್ಚಿದ ಬಾಗಿಲನ್ನು ತೆರೆದು ಮೂಡಲಗಿಯ ಮೂಲಕ ಹೋಗಬೇಕು. ಹಳೆಯ ವಿಧಾನದಲ್ಲಿ ಅದು ಕೂಡಲೇ ತೆರೆಯುವುದಿಲ್ಲ. ಮೊದಲು 15 ಸೆಕೆಂಡು ಆಲಿಸುವ ಹಂತ. ಬೇರೆ ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಕಾಯುವುದು. ಆಮೇಲೆ 15 ಸೆಕೆಂಡು ಕಲಿಯುವ ಹಂತ. ಯಾವ ಕಂಪ್ಯೂಟರ್ ಯಾವ ಕಡೆ ಇದೆ ಎಂದು ಗುರುತಿಸಿಕೊಳ್ಳುವುದು. ಒಟ್ಟು 30 ಸೆಕೆಂಡು.

ಹುಕ್ಕೇರಿಯ ಬದಲು ಮೂಡಲಗಿಯ ತಂತಿ ತುಂಡಾದರೆ ಇನ್ನೂ ಕಷ್ಟ. ಗೋಕಾಕದ ಸಂಪರ್ಕ ಕಳೆದುಕೊಂಡ ಮೂಡಲಗಿ "ಇನ್ನು ನಾನೇ ಬೇರು" ಎಂದು ಹುಕ್ಕೇರಿಗೆ ಸಂದೇಶ ಕಳಿಸುತ್ತದೆ. ಹುಕ್ಕೇರಿಗೆ ಗೋಕಾಕ ಇರುವುದು ಗೊತ್ತು. ಆದರೂ ಅದು ತಿದ್ದಿ ಹೇಳುವುದಿಲ್ಲ. ಮೂಡಲಗಿಯಿಂದ ಹಿಂದೆ ಬಂದ ಒಳ್ಳೆಯ ಸುದ್ದಿಗೆ 20 ಸೆಕೆಂಡು ಆಯುಷ್ಯ. ಅದು ಮುಗಿಯುವ ತನಕ ಹೊಸ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದೆಂಬುದು ಹಳೆಯ ನಿಯಮ. 20 ಸೆಕೆಂಡು ಸುಮ್ಮನಿದ್ದು, ಮೇಲೆ 30 ಸೆಕೆಂಡು ಕಾದು, ಒಟ್ಟು 50 ಸೆಕೆಂಡಿನ ಮೇಲೆ ಬಾಗಿಲು ತೆರೆಯುತ್ತದೆ. ಅಷ್ಟು ಹೊತ್ತು ಮೂಡಲಗಿಯ ಕಂಪ್ಯೂಟರುಗಳು ನಡುಗಡ್ಡೆಯಲ್ಲಿ ಕುಳಿತ ಹಾಗೆ.

ಎಲ್ಲ ಸ್ವಿಚ್‌ಗಳೂ ಹೊಸ ಪರಿಸ್ಥಿತಿಗೆ ಒಪ್ಪಿ ಮತ್ತೆ ಒಂದೇ ಚಿತ್ರಕ್ಕೆ ಬರುವುದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ನಾವು ಅದನ್ನು ಒಮ್ಮತ ಎನ್ನೋಣ. ಹಳೆಯ ವಿಧಾನದಲ್ಲಿ ಒಮ್ಮತಕ್ಕೆ 30ರಿಂದ 50 ಸೆಕೆಂಡು. ಇದನ್ನು ಮಾಡಿದವರು ದಡ್ಡರಲ್ಲ. ಏಳು ಸ್ವಿಚ್‌ಗಳ ಉದ್ದದ ಜಾಲದಲ್ಲಿ ಹಳೆಯ ಸುದ್ದಿ ಪೂರ್ತಿ ಅಳಿದು ಹೊಸದು ಎಲ್ಲರಿಗೂ ಮುಟ್ಟಲು ಸಾಕಾಗುವಷ್ಟು ಸಮಯವನ್ನು ಅವರು ಲೆಕ್ಕ ಹಾಕಿದ್ದರು. ಆತುರಪಟ್ಟು ಬಾಗಿಲು ತೆರೆದರೆ ಸುತ್ತು ಉಂಟಾಗಿ ಬಿರುಗಾಳಿ ಏಳುತ್ತದೆ. ತಡವಾದರೂ ಚಿಂತೆಯಿಲ್ಲ ಎಂಬ ನಿಲುವು. ಆ ಕಾಲಕ್ಕೆ ಅದು ಸಾಕಾಗಿತ್ತು.

ಲೈನ್ ಕ್ಲಿಯರ್ ಕೇಳುವ ಸ್ವಿಚ್‌ಗಳು

2001ರಲ್ಲಿ ಐಇಇಇ 802.1ಡಬ್ಲ್ಯೂ ಎಂಬ ತಿದ್ದುಪಡಿ ಬಂದಿತು. ಅದೇ ರ್ಯಾಪಿಡ್ ಸ್ಪ್ಯಾನಿಂಗ್ ಟ್ರೀ. 2004ರ 802.1ಡಿ ಮಾನಕದಲ್ಲಿ ಹಳೆಯ ವಿಧಾನವನ್ನು ಕೈಬಿಟ್ಟು ಇದನ್ನೇ ಇಟ್ಟುಕೊಂಡರು. ತಂತಿಯ ವೇಗ ಹೆಚ್ಚಲಿಲ್ಲ, ಸ್ವಿಚ್‌ಗಳು ಮಾತಾಡುವ ಬಗೆ ಬದಲಾಯಿತು. ಮುಖ್ಯವಾದ ಬದಲಾವಣೆಗಳು ನಾಲ್ಕು.

ಒಂದನೆಯದು, ಬದಲಿ ದಾರಿಯನ್ನು ಮೊದಲೇ ಗುರುತಿಸಿಡುವುದು. ಹೊಸ ವಿಧಾನದಲ್ಲಿ ಹುಕ್ಕೇರಿಯ ಮುಚ್ಚಿದ ಪೋರ್ಟಿಗೆ ಆಲ್ಟರ್ನೇಟ್ ಪೋರ್ಟ್ ಎಂಬ ಪದವಿ ಇದೆ. ಬೇರಿಗೆ ಹೋಗಲು ತನ್ನ ಎರಡನೆಯ ದಾರಿ ಇದೇ ಎಂದು ಹುಕ್ಕೇರಿಗೆ ಗೊತ್ತು. ಮೊದಲ ತಂತಿ ತುಂಡಾದುದು ತಿಳಿದ ಕ್ಷಣವೇ ಎರಡನೆಯದು ತೆರೆಯುತ್ತದೆ. ಮೊದಲ ದಾರಿ ಸತ್ತ ಮೇಲೆ ಎರಡನೆಯದನ್ನು ತೆರೆದರೆ ಸುತ್ತು ಆಗುವುದು ಸಾಧ್ಯವೇ ಇಲ್ಲವಾದ್ದರಿಂದ ಕಾಯುವ ಕಾರಣವೂ ಇಲ್ಲ. 30 ಸೆಕೆಂಡಿನ ಕೆಲಸ ಸೆಕೆಂಡಿನ ಒಂದು ಭಾಗದಲ್ಲಿ ಮುಗಿಯಿತು.

ಎರಡನೆಯದು, ಕೇಳಿ ಒಪ್ಪಿಗೆ ಪಡೆಯುವುದು. ಇದೇ ಈ ವಿಧಾನದ ಜೀವ. ಘಟಪ್ರಭಾ ರೈಲು ನಿಲ್ದಾಣ ನಿಮಗೆಲ್ಲ ಗೊತ್ತು. ರೈಲು ಬಿಡುವ ಮೊದಲು ಸ್ಟೇಷನ್ ಮಾಸ್ತರರು ಏನು ಮಾಡುತ್ತಾರೆ? ಮುಂದಿನ ನಿಲ್ದಾಣಕ್ಕೆ ಲೈನ್ ಕ್ಲಿಯರ್ ಕೇಳುತ್ತಾರೆ. ಅಲ್ಲಿನ ಮಾಸ್ತರರು ದಾರಿ ಖಾಲಿ ಇದೆ ಎಂದು ಒಪ್ಪಿಗೆ ಕೊಟ್ಟ ಮೇಲೆ ರೈಲು ಹೊರಡುತ್ತದೆ. "ಅರ್ಧ ಗಂಟೆ ಕಾದಿದ್ದೇನೆ, ಇಷ್ಟರೊಳಗೆ ದಾರಿ ಖಾಲಿ ಆಗಿರಬೇಕು" ಎಂದು ಗಡಿಯಾರ ನೋಡಿ ಬಿಡುವವರು ಯಾರೂ ಇಲ್ಲ. ಹಳೆಯ ಸ್ಪ್ಯಾನಿಂಗ್ ಟ್ರೀ ಗಡಿಯಾರ ನೋಡಿ ರೈಲು ಬಿಡುತ್ತಿತ್ತು. ಹೊಸದು ಲೈನ್ ಕ್ಲಿಯರ್ ಕೇಳುತ್ತದೆ.

ಸ್ವಿಚ್‌ಗಳಲ್ಲಿ ಇದು ಹೀಗೆ ನಡೆಯುತ್ತದೆ. ಮೇಲಿನ ಸ್ವಿಚ್ ಕೆಳಗಿನದಕ್ಕೆ "ಈ ತಂತಿಯನ್ನು ತೆರೆಯಲೇ?" ಎಂಬ ಪ್ರಸ್ತಾವ ಕಳಿಸುತ್ತದೆ. ಕೆಳಗಿನದು ಕೂಡಲೇ ತನ್ನ ಕೆಳಗೆ ಬೇರೆ ಸ್ವಿಚ್‌ಗಳತ್ತ ಹೋಗುವ ಬಾಗಿಲುಗಳನ್ನು ಮುಚ್ಚುತ್ತದೆ. ಹೀಗೆ ಮುಚ್ಚಿದ ಮೇಲೆ ಅದರ ಮೂಲಕ ಸುತ್ತು ಆಗಲಾರದು. ಆಗ "ಒಪ್ಪಿಗೆ" ಎಂದು ಉತ್ತರ ಕೊಡುತ್ತದೆ. ಮೇಲಿನ ಸ್ವಿಚ್ ಆ ಕ್ಷಣವೇ ತಂತಿ ತೆರೆಯುತ್ತದೆ. ಬಳಿಕ ಕೆಳಗಿನದು ತನ್ನ ಕೆಳಗಿನವರಿಗೆ ಇದೇ ಪ್ರಸ್ತಾವ ಕಳಿಸುತ್ತದೆ. ಹೀಗೆ ಒಪ್ಪಿಗೆಯ ಅಲೆ ಬೇರಿನಿಂದ ಕೊಂಬೆಗಳತ್ತ ಇಳಿಯುತ್ತದೆ. ಯಾವ ಕ್ಷಣದಲ್ಲೂ ಸುತ್ತು ಇಲ್ಲ, ಯಾರೂ ಗಡಿಯಾರ ನೋಡುತ್ತ ಕೂರುವುದಿಲ್ಲ.

ಇದಕ್ಕಾಗಿ ಹೊಸ ದೊಡ್ಡ ಸಂದೇಶವನ್ನೇನೂ ಹುಟ್ಟುಹಾಕಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಹಳೆಯ ಸಂದೇಶದಲ್ಲಿ ಎಂಟು ಬಿಟ್‌ಗಳ ಒಂದು ಖಾನೆ ಇತ್ತು. ಅದರಲ್ಲಿ ಎರಡನ್ನೇ ಬಳಸುತ್ತಿದ್ದರು, ಆರು ಖಾಲಿ ಬಿದ್ದಿದ್ದವು. ಪ್ರಸ್ತಾವ, ಒಪ್ಪಿಗೆ, ಪೋರ್ಟಿನ ಪದವಿ, ಅದರ ಸ್ಥಿತಿ ಎಲ್ಲವನ್ನೂ ಆ ಖಾಲಿ ಆರು ಬಿಟ್‌ಗಳಲ್ಲೇ ತುಂಬಿದರು.

ಮೂರನೆಯದು, ತಪ್ಪು ಸುದ್ದಿಯನ್ನು ಕೂಡಲೇ ತಿದ್ದುವುದು. ಮೂಡಲಗಿ "ನಾನೇ ಬೇರು" ಎಂದಾಗ ಹೊಸ ವಿಧಾನದ ಹುಕ್ಕೇರಿ 20 ಸೆಕೆಂಡು ಮೌನವಾಗಿರುವುದಿಲ್ಲ. ಮೂಡಲಗಿಯ ದಾರಿ ಕಡಿದಿದೆ ಎಂದು ಆ ಮಾತಿನಿಂದಲೇ ಅರ್ಥಮಾಡಿಕೊಳ್ಳುತ್ತದೆ. "ಗೋಕಾಕ ಜೀವಂತವಾಗಿದೆ, ನನ್ನ ಮೂಲಕ ಬಾ" ಎಂದು ಪ್ರಸ್ತಾವ ಕಳಿಸುತ್ತದೆ. ಮೂಡಲಗಿ ಒಪ್ಪುತ್ತದೆ, ಬಾಗಿಲು ತೆರೆಯುತ್ತದೆ. 50 ಸೆಕೆಂಡಿನ ನಡುಗಡ್ಡೆವಾಸ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಇದಲ್ಲದೆ ಹೊಸ ವಿಧಾನದಲ್ಲಿ ಪ್ರತಿ ಸ್ವಿಚ್ ಎರಡು ಸೆಕೆಂಡಿಗೊಮ್ಮೆ ನೆರೆಯವರಿಗೆ ತಾನಿದ್ದೇನೆಂದು ತಾನೇ ಹೇಳುತ್ತಿರುತ್ತದೆ. ತಂತಿ ತುಂಡಾದ ಸುಳಿವು ಬೇರೆ ಯಾವ ರೀತಿಯಲ್ಲೂ ಸಿಗದಿದ್ದರೂ ಮೂರು ಸಲ ಈ ದನಿ ಕೇಳದಿದ್ದರೆ, ಅಂದರೆ ಆರು ಸೆಕೆಂಡಿನಲ್ಲಿ, ನೆರೆಯವನು ಇಲ್ಲವೆಂದು ತೀರ್ಮಾನಿಸುತ್ತದೆ.

ನಾಲ್ಕನೆಯದು, ಹಳೆಯ ವಿಳಾಸಗಳನ್ನು ಬೇಗ ಮರೆಯುವುದು. ಯಾವ ಕಂಪ್ಯೂಟರ್ ಯಾವ ಕಡೆ ಇದೆ ಎಂಬುದನ್ನು ಸ್ವಿಚ್ ಸಾಮಾನ್ಯವಾಗಿ 300 ಸೆಕೆಂಡು ನೆನಪಿಡುತ್ತದೆ. ದಾರಿ ಬದಲಾದ ಮೇಲೆ ಆ ನೆನಪೇ ತಪ್ಪು ದಾರಿ ತೋರಿಸುತ್ತದೆ. ಹಿಂದೆ ಬದಲಾವಣೆಯ ಸುದ್ದಿ ಮೊದಲು ಬೇರಿಗೆ ಹತ್ತಿ ಹೋಗಿ, ಅಲ್ಲಿಂದ ಎಲ್ಲರಿಗೂ ಇಳಿದು ಬರಬೇಕಾಗಿತ್ತು. ಈಗ ಬದಲಾವಣೆ ಕಂಡ ಸ್ವಿಚ್ಚೇ ನೇರವಾಗಿ ಸುತ್ತಲೂ ತಿಳಿಸುತ್ತದೆ, ಕೇಳಿದವರು ಹಳೆಯ ನೆನಪನ್ನು ಕೂಡಲೇ ಅಳಿಸುತ್ತಾರೆ.

ವೇಗ ಸಿಗಬೇಕಾದರೆ ಪಾಲಿಸಬೇಕಾದುದು

ಹೊಸ ಸ್ವಿಚ್ ತಂದು ಕೂರಿಸಿದರೆ ಈ ವೇಗ ತಾನಾಗಿ ಬರುತ್ತದೆಂದು ಭಾವಿಸಬೇಡಿ. ಈ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳು ಕೆಲವು ಮಾತು ನೆನಪಿಡಬೇಕು.

ಪ್ರಸ್ತಾವ, ಒಪ್ಪಿಗೆಗಳ ಮಾತುಕತೆ ಇಬ್ಬರ ನಡುವೆ ಮಾತ್ರ ನಡೆಯುತ್ತದೆ. ಎರಡು ಸ್ವಿಚ್‌ಗಳ ನಡುವೆ ಫುಲ್ ಡ್ಯೂಪ್ಲೆಕ್ಸ್ ಸಂಪರ್ಕವಿದ್ದರೆ ಅದನ್ನು ಇಬ್ಬರ ದಾರಿ ಎಂದು ಸ್ವಿಚ್ ತಿಳಿಯುತ್ತದೆ. ಹಾಫ್ ಡ್ಯೂಪ್ಲೆಕ್ಸ್ ಆಗಿದ್ದರೆ ಅಲ್ಲಿ ಮತ್ತೆ ಹಳೆಯ ಗಡಿಯಾರವೇ ಗತಿ.

ನೆರೆಯ ಸ್ವಿಚ್ ಹಳೆಯ ವಿಧಾನದ್ದಾದರೆ ಹೊಸದು ಅದರೊಡನೆ ಹಳೆಯ ಭಾಷೆಯಲ್ಲೇ ಮಾತಾಡುತ್ತದೆ. ಜಾಲ ನಡೆಯುತ್ತದೆ, ಆದರೆ ಆ ತಂತಿಯ ಮೇಲೆ ವೇಗ ಸಿಗುವುದಿಲ್ಲ.

ಕಂಪ್ಯೂಟರ್ ಜೋಡಿಸಿದ ಪೋರ್ಟನ್ನು ಎಡ್ಜ್ ಪೋರ್ಟ್ ಎಂದು ಹೇಳಿ ಕೊಡಬೇಕು. ಕಂಪ್ಯೂಟರ್ ಪ್ರಸ್ತಾವಕ್ಕೆ ಉತ್ತರ ಕೊಡುವುದಿಲ್ಲವಾದ್ದರಿಂದ, ಹೀಗೆ ಹೇಳದಿದ್ದರೆ ಅದನ್ನು ಹಚ್ಚಿದಾಗಲೆಲ್ಲ 30 ಸೆಕೆಂಡು ಕಾಯಬೇಕಾಗುತ್ತದೆ. ಆದರೆ ಎಡ್ಜ್ ಎಂದು ಹೇಳಿದ ಪೋರ್ಟಿಗೆ ಯಾರಾದರೂ ಇನ್ನೊಂದು ಸ್ವಿಚ್ ಚುಚ್ಚಿದರೆ ಅಪಾಯ. ಅದನ್ನು ತಡೆಯಲು ಬಿಪಿಡಿಯು ಗಾರ್ಡ್ ಎಂಬ ಕಾವಲು ಹಾಕಬೇಕು.

ಬೇರು ಯಾವುದೆಂದು ನೀವೇ ನಿರ್ಧರಿಸಬೇಕು. ಪ್ರತಿ ಸ್ವಿಚ್‌ಗೂ 32768 ಎಂಬ ಆದ್ಯತೆಯ ಅಂಕಿ ಇರುತ್ತದೆ. ಕಡಿಮೆ ಅಂಕಿಯವನೇ ಹಿರಿಯ. ಎಲ್ಲರದೂ ಒಂದೇ ಆದರೆ ಹುಟ್ಟು ವಿಳಾಸದ ಸಂಖ್ಯೆ ಚಿಕ್ಕದಿರುವವನಿಗೆ ಪಟ್ಟ. ಹಾಗೆ ಬಿಟ್ಟರೆ ಮೂಲೆಯಲ್ಲಿ ಬಿದ್ದ ಹಳೆಯ ಸ್ವಿಚ್ಚೇ ಬೇರಾಗಬಹುದು. ನಡುವಿನ ಬಲವಾದ ಸ್ವಿಚ್‌ಗೆ 4096 ಎಂದು ಕೊಟ್ಟು ಅದನ್ನು ಬೇರಾಗಿಸಿ.

ಶಾಲೆಗಳವರಿಗೆ ಒಂದು ಮಾತು. ಕಡಿಮೆ ಬೆಲೆಯ ಸಾದಾ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಸ್ಪ್ಯಾನಿಂಗ್ ಟ್ರೀ ಇರುವುದೇ ಇಲ್ಲ. ಒಂದೇ ತಂತಿಯ ಎರಡೂ ತುದಿಯನ್ನು ಮಕ್ಕಳು ಅದೇ ಸ್ವಿಚ್‌ಗೆ ಚುಚ್ಚಿದರೂ ಇಡೀ ಕೋಣೆಯ ಜಾಲ ನಿಲ್ಲಬಹುದು. ಇಂಟರ್ನೆಟ್ ಕೊಟ್ಟವರನ್ನು ಬೈಯುವ ಮೊದಲು ತಂತಿಗಳನ್ನು ಒಮ್ಮೆ ನೋಡಿ.

ಬಾಸ್ಟನ್ನಿನ ಆಸ್ಪತ್ರೆಯ ಪಾಠ

ಇದನ್ನೆಲ್ಲ ತಿಳಿಯದಿದ್ದರೆ ಏನು ನಷ್ಟ ಎನ್ನುವವರಿಗೆ ಒಂದು ನಿಜ ಪ್ರಸಂಗ ಹೇಳುತ್ತೇನೆ. ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರ ಹೆಸರಾಂತ ಆಸ್ಪತ್ರೆ. 2002ರ ನವೆಂಬರ್ 13ರಂದು ಅದರ ಕಂಪ್ಯೂಟರ್ ಜಾಲ ಕುಸಿಯಿತು. ಕೆಲವು ದಿನಗಳ ಕಾಲ ವೈದ್ಯರೂ ದಾದಿಯರೂ ಔಷಧ, ಪರೀಕ್ಷೆಯ ವರದಿಗಳನ್ನೆಲ್ಲ ಕಾಗದದ ಮೇಲೆ ಬರೆದು ಕೈಯಲ್ಲಿ ಹಿಡಿದು ಓಡಾಡಬೇಕಾಯಿತು. ತಂತ್ರಾಂಶವೊಂದು ಅಪಾರ ಮಾಹಿತಿಯನ್ನು ಜಾಲಕ್ಕೆ ಹರಿಸಿದ್ದು ನೆಪ. ಮೂಲ ಕಾರಣ ಬೇರೆ. ಕಾಲಕಾಲಕ್ಕೆ ಜೋಡಿಸುತ್ತ ಹೋದ ಜಾಲ ಸ್ಪ್ಯಾನಿಂಗ್ ಟ್ರೀ ತಾಳಬಲ್ಲ ಏಳು ಸ್ವಿಚ್‌ಗಳ ಉದ್ದವನ್ನು ಮೀರಿ ಬೆಳೆದಿತ್ತು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥ ಡಾ. ಜಾನ್ ಹಲಮ್ಕಾ ಇದನ್ನು ಮುಚ್ಚಿಡಲಿಲ್ಲ. ಬೇರೆಯವರು ಕಲಿಯಲೆಂದು ಬಹಿರಂಗವಾಗಿ ವಿವರಿಸಿದರು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಈ ಸೆಕೆಂಡುಗಳ ಲೆಕ್ಕದ ಹಿಂದೆ ರೋಗಿಗಳ ಜೀವ ನಿಂತಿರುತ್ತದೆ. ಎರಡು, ಒಳ್ಳೆಯ ವಿಧಾನವೂ ಕೆಟ್ಟ ಜೋಡಣೆಯನ್ನು ಉಳಿಸಲಾರದು. ರ್ಯಾಪಿಡ್ ಬಂದ ಮೇಲೂ ಜಾಲದ ನಕ್ಷೆ ಬರೆದಿಡುವವರು, ಅದನ್ನು ಚಿಕ್ಕದಾಗಿ ಚೊಕ್ಕವಾಗಿ ಇಡುವವರು ಬೇಕೇ ಬೇಕು. ದೊಡ್ಡ ದತ್ತಾಂಶ ಕೇಂದ್ರಗಳು ಇಂದು ಬೇರೆ ವಿಧಾನಗಳಿಗೆ ಹೋಗಿವೆ. ಆದರೆ ಕಾಲೇಜು, ಕಚೇರಿ, ಕಾರ್ಖಾನೆ, ವಿದ್ಯುತ್ ಉಪಕೇಂದ್ರಗಳಲ್ಲಿ ರ್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಇನ್ನೂ ದುಡಿಯುತ್ತಿದೆ.

ಎರಡನೆಯ ದಾರಿ ಇರಬೇಕೆಂಬ ತತ್ವ ಹಳ್ಳಿಗೂ ಬರುತ್ತಿದೆ. ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವ ಭಾರತ್‌ನೆಟ್ ಯೋಜನೆಯ ತಿದ್ದುಪಡಿಗೆ ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಪಂಚಾಯತಿಗಳನ್ನು ಉಂಗುರದಾಕಾರದಲ್ಲಿ ಜೋಡಿಸುವ ಯೋಜನೆ ಇದೆ. ಒಂದು ಕಡೆ ಜೆಸಿಬಿ ಕೇಬಲ್ ಕಿತ್ತರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಬೇಕೆಂಬುದು ಉದ್ದೇಶ. ಅಲ್ಲಿ ಬಳಸುವ ವಿಧಾನ ಬೇರೆ, ಆದರೆ ಪ್ರಶ್ನೆ ಒಂದೇ: ದಾರಿ ತುಂಡಾದಾಗ ಎಷ್ಟು ಬೇಗ ಒಮ್ಮತಕ್ಕೆ ಬರುತ್ತೀರಿ?

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ

ವಿದ್ಯಾರ್ಥಿಗಳೇ, ಕೇಳಿದ್ದನ್ನು ನಂಬಬೇಡಿ, ಮಾಡಿ ನೋಡಿ. ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮೂರು ಸ್ವಿಚ್ ಇಟ್ಟು ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಹೆಸರಿಡಿ. ತ್ರಿಕೋನವಾಗಿ ಜೋಡಿಸಿ. ಒಂದು ತುದಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಉಳಿಯುತ್ತದೆ, ಅದೇ ಮುಚ್ಚಿದ ಬಾಗಿಲು. ಆ ಸ್ವಿಚ್ಚಿನಿಂದ ಬೇರಿಗೆ ಹೋಗುವ ತಂತಿಯನ್ನು ಅಳಿಸಿ, ಕೈಗಡಿಯಾರ ನೋಡುತ್ತ ಚುಕ್ಕೆ ಹಸಿರಾಗುವ ತನಕ ಎಣಿಸಿ. ಬಳಿಕ ತಂತಿಯನ್ನು ಮತ್ತೆ ಹಚ್ಚಿ, ಮೂರೂ ಸ್ವಿಚ್‌ಗಳನ್ನು ರ್ಯಾಪಿಡ್ ವಿಧಾನಕ್ಕೆ ಬದಲಿಸಿ, ಅದೇ ಪ್ರಯೋಗ ಇನ್ನೊಮ್ಮೆ ಮಾಡಿ. ಎರಡು ಸಲದ ಅಂಕಿಗಳನ್ನೂ ವಹಿಯಲ್ಲಿ ಬರೆದಿಡಿ. ಮುಂದೆ ಕೆಲಸದ ಸಂದರ್ಶನದಲ್ಲಿ ಇದರ ಬಗ್ಗೆ ಕೇಳಿದರೆ ಪುಸ್ತಕದ ವಾಕ್ಯ ಹೇಳಬೇಡಿ. ನೀವೇ ಎಣಿಸಿದ ಸೆಕೆಂಡುಗಳನ್ನು ಹೇಳಿ, ಅವು ಏಕೆ ಕಡಿಮೆಯಾದವು ಎಂಬುದನ್ನು ಆ ಮೂರು ಊರಿನ ಚಿತ್ರ ಬರೆದು ತೋರಿಸಿ.